ಯಾವ ಪ್ಲಗ್‌ಗೆ ಯಾವ ಎಂಸಿಬಿ? ಬ್ರೇಕರ್ ಫೈಂಡರ್ ಹಿಡ್ಕೊಂಡು ಮನೆ ವೈರಿಂಗ್ ಪತ್ತೆ ಮಾಡೋ ಕ್ರಮ

ಹೊಸದಾಗಿ ಮನೆಗೆ ಬಂದೋರು, ಹಳೇ ಮನೆ ರಿಪೇರಿ ಮಾಡಿಸ್ತಿರೋರು, ಗೋಡೆಗೆ ಟಿವಿ ಸ್ಟ್ಯಾಂಡ್ ಹೊಡೀಬೇಕು ಅಂತಿರೋರು, ಎಲ್ರೂ ಸುತ್ತಿಬಳಸಿ ಕೇಳೋದು ಇದೊಂದೇ. ಡಿಬಿ, ಅಂದ್ರೆ ಮನೆಗೆ ಕರೆಂಟ್ ಹಂಚೋ ಪೆಟ್ಟಿಗೆ, ಅದರ ಬಾಗಿಲು ತೆಗೆದ್ರೆ ಹನ್ನೆರಡು ಎಂಸಿಬಿ ಸ್ವಿಚ್ ಸಾಲಾಗಿ ಕೂತಿವೆ, ಒಂದರ ಮೇಲೂ ಹೆಸರಿಲ್ಲ, ಅಡುಗೆಮನೆ ಪ್ಲಗ್ ಬದಲಾಯಿಸ್ಬೇಕು ಅಂದ್ರೆ ಯಾವುದನ್ನ ಇಳಿಸ್ಲಿ? ಮಾಮೂಲಿ ದಾರಿ ಎಲ್ರಿಗೂ ಗೊತ್ತು, ಒಬ್ರು ಡಿಬಿ ಹತ್ರ ನಿಂತು ಒಂದೊಂದೇ ಇಳಿಸ್ತಾ "ಹೋಯ್ತಾ?" ಅಂತ ಕೂಗೋದು, ಒಳಗಿಂದ "ಇಲ್ಲ, ಉರೀತಿದೆ" ಅಂತ ಉತ್ತರ ಬರೋದು. ಅದೂ ನಡೆಯುತ್ತೆ. ಆದ್ರೆ ಮನೇಲಿ ಯಾರಾದ್ರೂ ಆಫೀಸ್ ಕಾಲ್‌ನಲ್ಲಿದ್ರೆ ಪ್ರತಿ ಸಲ ವೈಫೈ ಹೋಗುತ್ತೆ, ಮೂರು ಫ್ಲೋರ್ ಮನೆ ಆದ್ರೆ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗುತ್ತೆ. ಅದಕ್ಕೇ ಬ್ರೇಕರ್ ಫೈಂಡರ್ ಅನ್ನೋ ಕೈಲಿ ಹಿಡಿಯೋ ಟೂಲ್ ಇದೆ.

ಶುರುವಲ್ಲೇ ಒಂದು ಮಾತು, ಉಳಿದಿದ್ದೆಲ್ಲ ಮರೆತ್ರೂ ಇದನ್ನ ಮರೀಬೇಡಿ. ಈ ಟೂಲ್ ಹೇಳೋದು "ಈ ಪ್ಲಗ್‌ಗೆ ಕರೆಂಟ್ ಈ ಎಂಸಿಬಿಯಿಂದ ಬರ್ತಿದೆ" ಅಂತ ಅಷ್ಟೇ. ಆ ಎಂಸಿಬಿ ಇಳಿಸಿದ್ಮೇಲೆ ವೈರಲ್ಲಿ ಕರೆಂಟ್ ಇಲ್ಲ ಅಂತ ಅದು ಗ್ಯಾರಂಟಿ ಕೊಡಲ್ಲ. ಬೆಂಗಳೂರಲ್ಲಿ ಸುಮಾರು ಮನೇಲಿ ಯುಪಿಎಸ್ (ಇನ್ವರ್ಟರ್) ಇದೆ, ಅಪಾರ್ಟ್‌ಮೆಂಟ್‌ಗಳಲ್ಲಿ ಜನರೇಟರ್ ಇದೆ, ತ್ರೀ ಫೇಸ್ ಮನೆಗಳಲ್ಲಿ ಫೇಸ್ ಬದಲಾಯಿಸೋ ಸ್ವಿಚ್ ಇದೆ, ಇವುಗಳಿಂದಾಗಿ ಇಳಿಸಿದ ಎಂಸಿಬಿ ಕಣ್ಣೆದುರೇ ಇದ್ರೂ ವೈರ್ ಶಾಕ್ ಹೊಡಿಯೋ ಸಾಧ್ಯತೆ ಇದೆ. ಹಾಗಾಗಿ ಪತ್ತೆ ಮಾಡೋದು ಒಂದು ಕೆಲಸ, ಕರೆಂಟ್ ಹೋಗಿದೆ ಅಂತ ಖಾತ್ರಿ ಮಾಡ್ಕೊಳ್ಳೋದು ಬೇರೆಯೇ ಕೆಲಸ.

ಮೊದಲು ಕೆಲವು ಹೆಸರುಗಳು

ಡಿಬಿ ಅಂದ್ರೆ ಡಿಸ್ಟ್ರಿಬ್ಯೂಷನ್ ಬೋರ್ಡ್, ಮೀಟರ್‌ನಿಂದ ಬಂದ ಕರೆಂಟ್ ಮನೆಯೊಳಗೆ ಬೇರೆ ಬೇರೆ ಲೈನ್ ಆಗಿ ಹಂಚಿ ಹೋಗೋ ಪೆಟ್ಟಿಗೆ. ಎಂಸಿಬಿ ಅಂದ್ರೆ ಆ ಲೈನಲ್ಲಿ ಓವರ್‌ಲೋಡ್ ಅಥವಾ ಶಾರ್ಟ್ ಆದ್ರೆ ತಾನೇ ಬೀಳೋ ಸ್ವಿಚ್, ಹಳೇ ಮನೆಗಳಲ್ಲಿ ಇದರ ಜಾಗದಲ್ಲಿ ಪಿಂಗಾಣಿ ಫ್ಯೂಸ್ ಇರುತ್ತೆ. ಆರ್‌ಸಿಸಿಬಿ ಅಂದ್ರೆ ಸ್ವಲ್ಪ ಅಗಲವಾಗಿ, ಮೇಲೆ "ಟಿ" ಅಂತ ಬರೆದ ಚಿಕ್ಕ ಬಟನ್ ಇರೋದು. ಕರೆಂಟ್ ಭೂಮಿಗೆ ಲೀಕ್ ಆದ್ರೆ, ಅಂದ್ರೆ ಮನುಷ್ಯನ ಮೈ ಮೂಲಕ ಹರಿದ್ರೂ, ಅದು ಬೀಳುತ್ತೆ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪ್‌ದು ಹಾಕಿರ್ತಾರೆ. ಜನ ಇದನ್ನೂ ಎಂಸಿಬಿ ಅಂತಲೇ ಅಂದ್ಕೊಂಡು ಅದರ ಕೆಳಗೆ "ಹಾಲ್" ಅಂತ ಬರೆದಿಟ್ಟಿದ್ದನ್ನ ನಾನು ಎಷ್ಟೋ ಮನೇಲಿ ನೋಡಿದೀನಿ.

ಟೂಲ್ ತಗೊಳ್ಳುವಾಗ

ಅಂಗಡೀಲಿ "ಟ್ರೇಸರ್" ಅಂತ ಕೇಳಿದ್ರೆ ಮೂರು ಬೇರೆ ಬೇರೆ ಸಾಮಾನು ತೋರಿಸ್ತಾರೆ, ಅಲ್ಲೇ ಗೊಂದಲ ಶುರು. ಒಂದು ಟೆಸ್ಟರ್ ಪೆನ್, ವೈರ್ ಮುಟ್ಟದೇ ಹತ್ರ ತಂದ್ರೆ ಬೀಪ್ ಅನ್ನುತ್ತೆ, ಕರೆಂಟ್ ಇದೆಯಾ ಇಲ್ವಾ ಅಂತ ಮಾತ್ರ ಹೇಳುತ್ತೆ, ಯಾವ ಎಂಸಿಬಿಯಿಂದ ಅಂತ ಹೇಳೋಕೆ ಅದಕ್ಕೆ ಆಗಲ್ಲ. ಎರಡನೇದು ನಮಗೆ ಬೇಕಾಗಿರೋ ಬ್ರೇಕರ್ ಫೈಂಡರ್, ಇದರಲ್ಲಿ ಎರಡು ಭಾಗ: ಪ್ಲಗ್‌ಗೆ ಚುಚ್ಚೋ ಟ್ರಾನ್ಸ್‌ಮಿಟರ್, ಕೈಲಿ ಹಿಡಿಯೋ ರಿಸೀವರ್. ಮೂರನೇದು ವೈರ್ ಟ್ರೇಸರ್, ಎರಡು ಕ್ಲಿಪ್ ಇರೋ ಟ್ರಾನ್ಸ್‌ಮಿಟರ್ ಜೊತೆ ಒಂದು ಉದ್ದನೆ ಕಡ್ಡಿ, ಗೋಡೆಯೊಳಗೆ ವೈರ್ ಎಲ್ಲಿ ಹೋಗಿದೆ ಅಂತ ನೋಡೋಕೆ.

ಈ ಮೂರನೇದರಲ್ಲಿ ಕೆಲವು ಬರೀ ಟೆಲಿಫೋನ್, ನೆಟ್‌ವರ್ಕ್ ಕೇಬಲ್‌ಗೆ ಮಾಡಿರೋವು. ಅದನ್ನ ಕರೆಂಟ್ ಇರೋ ವೈರ್‌ಗೆ ಹಾಕಿದ್ರೆ ಟೂಲ್ ಸುಟ್ಟುಹೋಗೋದು ಹಾಗಿರ್ಲಿ, ಕೈಗೂ ಅಪಾಯ. ಬಾಕ್ಸ್ ಮೇಲೆ ಎಷ್ಟು ವೋಲ್ಟ್ ತನಕ ಅಂತ ಬರೆದಿರ್ತಾರೆ, ಓದಿ ತಗೊಳ್ಳಿ.

ಬ್ರೇಕರ್ ಫೈಂಡರ್‌ಗೂ ಇದೇ ಮಾತು. ಅಮೆರಿಕದಿಂದ ಮಗ ಅಥವಾ ಅಳಿಯ ತಂದುಕೊಟ್ಟಿದ್ದು ಅಂತ ಸುಮಾರು ಜನ ತೋರಿಸ್ತಾರೆ. ಅಲ್ಲಿನ ಮನೆ ಪ್ಲಗ್‌ಗಳಲ್ಲಿ 120 ವೋಲ್ಟ್, ನಮ್ಮದು 230. ಅಲ್ಲಿಗೇ ಮಾಡಿರೋ ಮಾಡೆಲನ್ನ ಅಡಾಪ್ಟರ್ ಹಾಕಿ ಇಲ್ಲಿ ಚುಚ್ಚಿದ್ರೆ ಸುಟ್ಟುಹೋಗುತ್ತೆ, ಅಡಾಪ್ಟರ್ ಪಿನ್ ಆಕಾರ ಬದಲಾಯಿಸುತ್ತೆ, ವೋಲ್ಟೇಜ್ ಅಲ್ಲ. 230 ವೋಲ್ಟ್‌ಗೆ ಅಂತ ಸ್ಪಷ್ಟವಾಗಿ ಬರೆದಿರ್ಬೇಕು, ಡಿಬಿ ಹತ್ರ ಬಳಸೋ ಟೆಸ್ಟರ್, ಮೀಟರ್‌ಗೆ ಕ್ಯಾಟ್ 3 ಅನ್ನೋ ಸುರಕ್ಷತೆ ರೇಟಿಂಗ್ ಇರ್ಬೇಕು. ಕೈಯಾರೆ ನೋಡಿ ತಗೋಬೇಕು ಅಂದ್ರೆ ಎಸ್‌ಪಿ ರೋಡ್ ಅಥವಾ ಬಿವಿಕೆ ಅಯ್ಯಂಗಾರ್ ರೋಡ್ ಕಡೆ ಹೋಗಿ, ಅಂಗಡೀಲೇ ಪ್ಲಗ್‌ಗೆ ಹಾಕಿ ತೋರಿಸಿ ಅಂತ ಕೇಳಿ.

ಇದು ಕೆಲಸ ಮಾಡೋದು ಹೇಗೆ ಅಂತ ಗೊತ್ತಿದ್ರೆ ಮುಂದೆ ತಪ್ಪು ಕಡಿಮೆ ಆಗುತ್ತೆ. ಟ್ರಾನ್ಸ್‌ಮಿಟರ್ ಆ ಲೈನಿಂದ ಚೂರುಚೂರೇ ಕರೆಂಟನ್ನ ಮಿಡಿತದ ಥರ ಎಳೀತಿರುತ್ತೆ. ಆ ಮಿಡಿತ ಎಂಸಿಬಿ ಒಳಗಿರೋ ಪುಟ್ಟ ಕಾಯಿಲ್ ಮೂಲಕ ಹರಿಯುವಾಗ ಅದರ ಸುತ್ತ ಕಾಂತಕ್ಷೇತ್ರ ಏಳುತ್ತೆ, ರಿಸೀವರ್ ಅದನ್ನ ಹಿಡಿದು ಬೀಪ್ ಅನ್ನುತ್ತೆ. ಪಕ್ಕದ ಎಂಸಿಬಿ ಹತ್ರವೂ ಅದೇ ಕ್ಷೇತ್ರ ಸ್ವಲ್ಪ ಹರಡಿರೋದ್ರಿಂದ ಅಲ್ಲೂ ಬೀಪ್ ಬರುತ್ತೆ. ಅದಕ್ಕೇ ಮೊದಲು ಬೀಪ್ ಬಂದಿದ್ದನ್ನ ನಂಬೋ ಹಾಗಿಲ್ಲ, ಎಲ್ಲಕ್ಕಿಂತ ಜೋರಾಗಿ ಬಂದಿದ್ದನ್ನ ಹುಡುಕ್ಬೇಕು.

ಟೂಲ್ ಅಲ್ಲದೆ ಬೇಕಾಗಿರೋದು: ಒಂದು ಒಳ್ಳೇ ಟೆಸ್ಟರ್, ಟಾರ್ಚ್, ಪೇಪರ್ ಪೆನ್, ಅಂಟಿಸೋ ಸ್ಟಿಕ್ಕರ್, ಕಾಲಿಗೆ ಒಣಗಿರೋ ರಬ್ಬರ್ ಚಪ್ಪಲಿ, ಜೊತೆಗೆ ಇನ್ನೊಬ್ರು. ಒಬ್ರೇ ಇದ್ದಾಗ ಮಾಡ್ಬೇಡಿ.

ಹಂತ 1: ಮನೆಯವರಿಗೆ ಹೇಳಿ, ಫೋಟೋ ತೆಗೀರಿ

ಕಂಪ್ಯೂಟರ್ ಶಟ್‌ಡೌನ್ ಮಾಡಿಸಿ. ಮನೇಲಿ ಯಾರಿಗಾದ್ರೂ ಆಕ್ಸಿಜನ್ ಮಷೀನ್ ಥರದ್ದು ಓಡ್ತಿದ್ರೆ ಅವತ್ತು ಈ ಕೆಲಸ ಬೇಡ. ಬಾಡಿಗೆ ಮನೆ ಆದ್ರೆ ಓನರ್‌ಗೆ ಒಂದು ಮಾತು ಹೇಳಿ. ಆಮೇಲೆ ಡಿಬಿ ಬಾಗಿಲು ಮಾತ್ರ ತೆಗೆದು ಫೋಟೋ ತೆಗೀರಿ. ಸ್ಕ್ರೂ ಬಿಚ್ಚಿ ಒಳಗಿನ ಕವರ್ ತೆಗೆಯೋ ಅಗತ್ಯ ಈ ಇಡೀ ಕೆಲಸದಲ್ಲಿ ಎಲ್ಲೂ ಇಲ್ಲ, ಅದನ್ನ ತೆಗೀಬೇಡಿ, ಮೇನ್ ಸ್ವಿಚ್ ಆಫ್ ಮಾಡಿದ್ರೂ ಅದಕ್ಕೆ ಬರೋ ವೈರಲ್ಲಿ ಕರೆಂಟ್ ಇದ್ದೇ ಇರುತ್ತೆ. ಮೀಟರ್ ಮೇಲಿನ ಬೆಸ್ಕಾಂ ಸೀಲ್ ಕೂಡ ಮುಟ್ಟೋ ಹಾಗಿಲ್ಲ.

ಪೇಪರ್ ಮೇಲೆ ಎಂಸಿಬಿಗಳನ್ನ ಎಡದಿಂದ 1, 2, 3 ಅಂತ ಬರ್ಕೊಳ್ಳಿ, ಪ್ರತಿಯೊಂದರ ಮೇಲೆ ಅಚ್ಚಾಗಿರೋ ನಂಬರ್ ಕೂಡ. ಸಿ6, ಸಿ10 ಇದ್ರೆ ಸಾಮಾನ್ಯವಾಗಿ ಲೈಟ್ ಫ್ಯಾನ್ ಲೈನ್, ಸಿ16, ಸಿ20 ಇದ್ರೆ ಪವರ್ ಪ್ಲಗ್, ಗೀಸರ್, ಎಸಿ. ಇದು ಊಹೆ ಮಾತ್ರ, ಆದ್ರೆ ಎಲ್ಲಿಂದ ಹುಡುಕೋಕೆ ಶುರು ಮಾಡ್ಬೇಕು ಅಂತ ಗೊತ್ತಾಗುತ್ತೆ. ಹಳೇ ಡಿಬಿ ಬಾಗಿಲ ಒಳಗೆ ಪೆನ್ಸಿಲ್‌ನಲ್ಲಿ "ಬಿ.ಆರ್", "ಕಿಚ" ಅಂತ ಅರ್ಧ ಅಳಿಸಿದ ಅಕ್ಷರ ಇರ್ಬಹುದು, ಅದರ ಮೇಲೆ ವರ್ಷ ವರ್ಷ ಆಯುಧಪೂಜೆಗೆ ಇಟ್ಟ ಅರಿಶಿನ ಕುಂಕುಮ ಒಣಗಿ ಹಿಡ್ಕೊಂಡಿರುತ್ತೆ. ಅದನ್ನ ನೋಡ್ಕೊಳ್ಳಿ, ನಂಬಬೇಡಿ, ಬರೆದ ಎಲೆಕ್ಟ್ರಿಷಿಯನ್ ಹೋದ್ಮೇಲೆ ಎಷ್ಟು ಲೈನ್ ಅದಲು ಬದಲು ಆಗಿದೆಯೋ ಯಾರಿಗೆ ಗೊತ್ತು.

ಹಂತ 2: ಯುಪಿಎಸ್ ಎಲ್ಲಿದೆ, ಏನೇನು ಅದರ ಮೇಲಿದೆ

ಇದೇ ಇಡೀ ಕೆಲಸದ ಜೀವಾಳ, ಇದನ್ನ ಅರ್ಥ ಮಾಡ್ಕೊಳ್ಳೋಕೆ ಸಮಯ ತಗೊಳ್ಳಿ. ಮನೆ ಯುಪಿಎಸ್‌ಗೆ, ಅಂದ್ರೆ ನಾವು ಇನ್ವರ್ಟರ್ ಅನ್ನೋದಕ್ಕೆ, ಡಿಬಿಯ ಒಂದು ಎಂಸಿಬಿಯಿಂದ ಕರೆಂಟ್ ಹೋಗುತ್ತೆ. ಬೆಸ್ಕಾಂ ಕರೆಂಟ್ ಇದ್ದಾಗ ಅದೇ ಕರೆಂಟ್ ಯುಪಿಎಸ್ ಮೂಲಕ ಹಾದು ಹಾಲ್ ಲೈಟು, ಫ್ಯಾನು, ವೈಫೈ ಪ್ಲಗ್‌ಗೆ ಹೋಗುತ್ತೆ. ನೀವು ಆ ಎಂಸಿಬಿ ಇಳಿಸಿದ ತಕ್ಷಣ ಯುಪಿಎಸ್ "ಕರೆಂಟ್ ಹೋಯ್ತು" ಅಂದ್ಕೊಂಡು ಬ್ಯಾಟರಿಯಿಂದ 230 ವೋಲ್ಟ್ ತಯಾರು ಮಾಡಿ ಅದೇ ವೈರ್‌ಗೆ ಕಳಿಸುತ್ತೆ. ಎಂಸಿಬಿ ಇಳಿದಿದೆ, ವೈರ್ ಜೀವಂತ ಇದೆ. ಇನ್ನೊಂದು ಕಡೆಯಿಂದ ನೋಡಿದ್ರೂ ತೊಂದರೆಯೇ: ಯುಪಿಎಸ್ ಮುಂದಿನ ಬಟನ್ ಮಾತ್ರ ಆಫ್ ಮಾಡಿದ್ರೆ ಸುಮಾರು ಮಾಡೆಲ್‌ಗಳಲ್ಲಿ ಬೆಸ್ಕಾಂ ಕರೆಂಟ್ ನೇರವಾಗಿ ಹಾದು ಹೋಗ್ತಾನೇ ಇರುತ್ತೆ. ಎರಡೂ ಆಫ್ ಆಗ್ಬೇಕು, ಎಂಸಿಬಿನೂ ಯುಪಿಎಸ್ಸೂ.

ಪತ್ತೆ ಮಾಡೋದು ಸುಲಭ. ಮೇನ್ ಇಳಿಸಿ, ಏನೇನು ಇನ್ನೂ ಉರೀತಿದೆ, ತಿರುಗ್ತಿದೆ ಅಂತ ರೂಮ್ ರೂಮ್ ಸುತ್ತಿ ಪೇಪರ್ ಮೇಲೆ ಬರ್ಕೊಳ್ಳಿ, ಪ್ರತಿಯೊಂದರ ಪಕ್ಕ ಒಂದು ನಕ್ಷತ್ರ ಹಾಕಿ. ಖಾಲಿ ಪ್ಲಗ್‌ಗಳನ್ನೂ ಬಿಡ್ಬೇಡಿ, ಟೇಬಲ್ ಲ್ಯಾಂಪ್ ಚುಚ್ಚಿ ನೋಡಿ. ಆಮೇಲೆ ಮೇನ್ ಎತ್ತಿ.

ಫೈಂಡರ್ ಬಳಸುವಾಗ ಬೆಸ್ಕಾಂ ಕರೆಂಟ್ ಇರ್ಲೇಬೇಕು. ಯುಪಿಎಸ್ ಬ್ಯಾಟರಿ ಮೇಲೆ ಓಡ್ತಿರುವಾಗ ಅದರ ಪ್ಲಗ್‌ಗೆ ಟ್ರಾನ್ಸ್‌ಮಿಟರ್ ಹಾಕಿದ್ರೆ ಡಿಬೀಲಿ ಒಂದೂ ಎಂಸಿಬಿ ಸರಿಯಾಗಿ ಸಿಗಲ್ಲ, ಮಿಡಿತ ಡಿಬಿ ತನಕ ಬರೋದೇ ಇಲ್ಲ. "ಟೂಲ್ ಕೆಟ್ಟಿದೆ" ಅಂತ ವಾಪಸ್ ಕಳಿಸಿದೋರಲ್ಲಿ ಕೆಲವರ ಕಥೆ ಇದೇ.

ಹಂತ 3: ಟ್ರಾನ್ಸ್‌ಮಿಟರ್ ಚುಚ್ಚಿ

ಮೊದಲ ರೂಮಿನ ಪ್ಲಗ್‌ಗೆ ಹಾಕಿ, ಪಕ್ಕದ ಸ್ವಿಚ್ ಆನ್ ಮಾಡಿ. ನಮ್ಮಲ್ಲಿ ಪ್ರತಿ ಪ್ಲಗ್‌ಗೂ ಸ್ವಿಚ್ ಇರೋದ್ರಿಂದ ಇದನ್ನ ಮರೆಯೋರು ಬಹಳ. ಟ್ರಾನ್ಸ್‌ಮಿಟರ್ ಮೇಲಿನ ಚಿಕ್ಕ ದೀಪ ಹತ್ತಬೇಕು. ಹತ್ತಿ ಆರಿ ಮಿಣುಕ್ತಿದ್ರೆ ಸಾಕೆಟ್ ಸಡಿಲ ಆಗಿದೆ ಅಂತ ಅರ್ಥ, ಅದನ್ನೂ ರಿಪೇರಿ ಪಟ್ಟಿಗೆ ಸೇರಿಸಿ, ಸಡಿಲ ಸಾಕೆಟ್ ಬಿಸಿಯಾಗಿ ಕರಗೋದು ಇಲ್ಲಿಂದಲೇ ಶುರು. ಅದೇ ಲೈನ್ ಮೇಲಿರೋ ಮೊಬೈಲ್ ಚಾರ್ಜರ್, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಡಿಮ್ಮರ್ ಆಫ್ ಮಾಡಿ, ಇವು ಸಿಗ್ನಲ್ ಕೆಡಿಸ್ತವೆ.

ಹಂತ 4: ಎಂಸಿಬಿ ಮೇಲೆ ರಿಸೀವರ್ ಆಡಿಸಿ, ಎರಡು ಸುತ್ತು

ರಿಸೀವರ್ ಆನ್ ಮಾಡಿ, ಅದರ ತುದಿಯನ್ನ ಮೊದಲ ಎಂಸಿಬಿಯ ಮುಖಕ್ಕೆ ತಾಗಿಸಿ, ಲಿವರ್ ಪಕ್ಕದ ಸಮತಟ್ಟು ಜಾಗಕ್ಕೆ. ಹಾಗೇ ನಿಧಾನವಾಗಿ ಎರಡನೇದು, ಮೂರನೇದು ಅಂತ ಸಾಲಿನ ಕೊನೆ ತನಕ ಹೋಗಿ. ಮೊದಲ ಸುತ್ತಲ್ಲಿ ಒಂದಕ್ಕಿಂತ ಜಾಸ್ತಿ ಕಡೆ ಬೀಪ್ ಬರುತ್ತೆ, ಗಾಬರಿ ಬೇಡ, ಬಹಳಷ್ಟು ಫೈಂಡರ್‌ಗಳು ಈ ಸುತ್ತಲ್ಲಿ ಎಲ್ಲಿ ಎಷ್ಟು ಜೋರಿದೆ ಅಂತ ತಾವೇ ಅಳತೆ ಮಾಡ್ಕೊತಿರ್ತವೆ. ರಿಸೀವರ್ ಆಫ್ ಮಾಡದೆ ಅದೇ ದಾರೀಲಿ ಎರಡನೇ ಸಲ ಹೋಗಿ. ಈಗ ಒಂದೇ ಕಡೆ ಗಟ್ಟಿಯಾಗಿ ಬೀಪ್ ಬಂದು ಹಸಿರು ದೀಪ ಅಥವಾ ಬಾಣ ನಿಲ್ಲಬೇಕು. ಯಾವ ಬಣ್ಣ, ಎಷ್ಟು ಸುತ್ತು ಅನ್ನೋದು ಮಾಡೆಲ್ ಮೇಲೆ ಬದಲಾಗುತ್ತೆ, ಅದರ ಪುಸ್ತಕ ನೋಡಿ.

ಇಲ್ಲಿ ಎಲ್ರೂ ಮಾಡೋ ತಪ್ಪು ರಿಸೀವರ್ ಹಿಡಿಯೋ ರೀತಿ. ಒಂದು ಎಂಸಿಬಿ ಮೇಲೆ ನೆಟ್ಟಗೆ ಹಿಡಿದು ಇನ್ನೊಂದರ ಮೇಲೆ ಓರೆ ಮಾಡಿದ್ರೆ ಬೀಪ್ ಜೋರಿನಲ್ಲೇ ವ್ಯತ್ಯಾಸ ಬರುತ್ತೆ, ಕಾಂತಕ್ಷೇತ್ರಕ್ಕೆ ದಿಕ್ಕು ಇದೆ. ಎಲ್ಲದರ ಮೇಲೂ ಒಂದೇ ಎತ್ತರ, ಒಂದೇ ಕೋನ. ಸಿಗ್ನಲ್ಲೇ ಸಿಗ್ತಿಲ್ಲ ಅಂದ್ರೆ ರಿಸೀವರನ್ನ ಹಿಡಿದಲ್ಲೇ 90 ಡಿಗ್ರಿ ತಿರುಗಿಸಿ ಮತ್ತೆ ಮೊದಲಿಂದ ಶುರು ಮಾಡಿ. ಪಿಂಗಾಣಿ ಫ್ಯೂಸ್ ಇರೋ ಹಳೇ ಬೋರ್ಡಲ್ಲಿ ಕಾಯಿಲ್ ಇಲ್ಲದ್ದಕ್ಕೆ ಸಿಗ್ನಲ್ ಅಷ್ಟು ಸ್ಪಷ್ಟ ಇರಲ್ಲ, ಅಲ್ಲಿ ತಾಳ್ಮೆ ಬೇಕು.

ಎರಡು ಎಂಸಿಬಿ ಸಮಸಮ ಬೀಪ್ ಅಂದ್ರೆ ಡಿಬಿ ಒಳಗೆ ಅವುಗಳ ವೈರ್ ಒಂದಕ್ಕೊಂದು ಸುತ್ಕೊಂಡಿರ್ಬಹುದು. ಮುಂದಿನ ಹಂತದಲ್ಲಿ ಬಗೆಹರಿಯುತ್ತೆ.

ಹಂತ 5: ಇಳಿಸಿ, ಖಾತ್ರಿ ಮಾಡ್ಕೊಳ್ಳಿ

ಸಿಕ್ಕಿದ ಎಂಸಿಬಿ ಇಳಿಸಿ. ಪ್ಲಗ್ ಹತ್ರ ನಿಂತಿರೋರು ಟ್ರಾನ್ಸ್‌ಮಿಟರ್ ದೀಪ ನೋಡಿ ಹೇಳ್ಬೇಕು. ಆರಿದ್ರೆ ಸರಿ. ಆರದಿದ್ರೆ ತಪ್ಪು ಎಂಸಿಬಿ, ಅಥವಾ ನಕ್ಷತ್ರದ ಲೈನ್, ಯುಪಿಎಸ್ ಎತ್ಕೊಂಡಿದೆ. ಪೇಪರಲ್ಲಿ ಬರ್ದು ಎಂಸಿಬಿ ಎತ್ತಿ ಮುಂದಿನ ಪ್ಲಗ್‌ಗೆ ಹೋಗಿ.

ಆ ಪ್ಲಗ್ ಬಿಚ್ಚಿ ಕೆಲಸ ಮಾಡೋದಿದ್ರೆ ದೀಪ ಆರಿದ್ದೇ ಸಾಕಾಗಲ್ಲ. ಟೆಸ್ಟರನ್ನ ಮೊದಲು ಕರೆಂಟ್ ಇದೆ ಅಂತ ಗೊತ್ತಿರೋ ಬೇರೆ ಪ್ಲಗ್‌ನಲ್ಲಿ ಇಟ್ಟು ನೋಡಿ, ಹತ್ತುತ್ತಾ? ಆಮೇಲೆ ಕೆಲಸ ಮಾಡೋ ಪ್ಲಗ್‌ನ ಎರಡೂ ತೂತಲ್ಲಿ ನೋಡಿ. ಆಮೇಲೆ ಮತ್ತೆ ಗೊತ್ತಿರೋ ಪ್ಲಗ್‌ಗೆ ಹೋಗಿ ನೋಡಿ. ಮಧ್ಯದಲ್ಲಿ ಟೆಸ್ಟರ್ ಬ್ಯಾಟರಿ ಸತ್ತಿದ್ರೆ ಮೂರನೇ ಸಲ ಗೊತ್ತಾಗುತ್ತೆ. ಎರಡೂ ತೂತು ಯಾಕೆ ಅಂದ್ರೆ ಸಿಂಗಲ್ ಪೋಲ್ ಎಂಸಿಬಿ ಫೇಸ್, ಅಂದ್ರೆ ಕರೆಂಟ್ ಬರೋ ವೈರ್ ಮಾತ್ರ ಕಡಿಯುತ್ತೆ, ನ್ಯೂಟ್ರಲ್, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರ್ ಜೋಡಿಸ್ಕೊಂಡೇ ಇರುತ್ತೆ. ಕೆಲವು ಮನೇಲಿ ಕೆಲಸ ಉಳಿಸೋಕೆ ಒಂದು ಲೈನಿನ ನ್ಯೂಟ್ರಲ್‌ನ ಇನ್ನೊಂದಕ್ಕೆ ಕೊಟ್ಟಿರ್ತಾರೆ, ಅಂಥ ನ್ಯೂಟ್ರಲ್ ಬಿಚ್ಚಿದಾಗ ಇನ್ನೊಂದು ಲೈನಿನ ಕರೆಂಟ್ ಅದರಲ್ಲಿ ಕಾದಿರುತ್ತೆ. ಇಂಥದ್ದು ಕಂಡ್ರೆ ಅಲ್ಲಿಗೇ ನಿಲ್ಲಿಸಿ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೀರಿ.

ಅಪಾರ್ಟ್‌ಮೆಂಟ್‌ನಲ್ಲಿರೋರಿಗೆ ಒಂದು ಮಾತು, ಕರೆಂಟ್ ಹೋಗಿದೆಯಲ್ಲ ಅಂತ ಪ್ಲಗ್‌ಗೆ ಕೈ ಹಾಕ್ಬೇಡಿ, ಜನರೇಟರ್ ಶುರುವಾದ್ರೆ ಅದೇ ವೈರಲ್ಲಿ ಬರುತ್ತೆ.

ಹಂತ 6: ಲೈಟ್, ಗೀಸರ್, ಎಸಿ, ಮೋಟರ್

ಲೈಟ್ ಲೈನ್‌ಗೆ ಪ್ಲಗ್ ಇಲ್ವಲ್ಲ ಅಂತ ಕೇಳ್ತಾರೆ. ಬಲ್ಬ್ ಹೋಲ್ಡರ್‌ಗೆ ಹಾಕೋ ಪ್ಲಗ್ ಅಡಾಪ್ಟರ್ ಎಲ್ಲಾ ಎಲೆಕ್ಟ್ರಿಕಲ್ ಅಂಗಡೀಲಿ ಸಿಗುತ್ತೆ. ಸ್ವಿಚ್ ಆಫ್ ಮಾಡಿ, ಬಲ್ಬ್ ತಣ್ಣಗಾದ್ಮೇಲೆ ತೆಗೆದು ಅಡಾಪ್ಟರ್ ಹಾಕಿ, ಅದಕ್ಕೆ ಟ್ರಾನ್ಸ್‌ಮಿಟರ್, ಆಮೇಲೆ ಸ್ವಿಚ್ ಆನ್. ಫಾಲ್ಸ್ ಸೀಲಿಂಗ್ ಎಲ್‌ಇಡಿ ಆದ್ರೆ ಬಿಚ್ಚೋಕೆ ಹೋಗ್ಬೇಡಿ, ಅದನ್ನ ಎಂಸಿಬಿ ಇಳಿಸಿ ನೋಡೋದೇ ಮೇಲು.

ಗೀಸರ್ ಬಾತ್‌ರೂಮಲ್ಲಿ, ಹಾಗಾಗಿ ನೆಲ ಒಣಗಿದ್ಮೇಲೆ ಮಾತ್ರ, ಸ್ನಾನ ಆದ ತಕ್ಷಣ ಬೇಡ. 2 ಕಿಲೋವ್ಯಾಟ್ ಗೀಸರ್ ಸುಮಾರು 8.7 ಆಂಪ್ ಎಳಿಯುತ್ತೆ, 3 ಕಿಲೋವ್ಯಾಟ್‌ದು 13 ಆಂಪ್, ಇದಕ್ಕೆ ಅದರದ್ದೇ ಎಂಸಿಬಿ ಇರ್ಬೇಕು. ಹುಡುಕುವಾಗ ಗೀಸರೂ ಮೈಕ್ರೋವೇವೂ ಒಂದೇ ಎಂಸಿಬಿ ಮೇಲೆ ಸಿಕ್ಕಿದ್ರೆ ಬೆಳಗ್ಗೆ ಬೆಳಗ್ಗೆ ಯಾಕೆ ಟ್ರಿಪ್ ಆಗುತ್ತೆ ಅನ್ನೋದಕ್ಕೆ ಉತ್ತರ ಸಿಕ್ತು ಅಂತ ತಿಳ್ಕೊಳ್ಳಿ. ದಯವಿಟ್ಟು ಆ ಎಂಸಿಬಿ ತೆಗೆದು ದೊಡ್ಡದು ಹಾಕಿಸ್ಬೇಡಿ, ಎಂಸಿಬಿ ಕಾಯೋದು ಗೋಡೆಯೊಳಗಿನ ವೈರ್‌ನ. ವೈರ್ ಹಳೇದೇ ಇಟ್ಟು ಎಂಸಿಬಿ ದೊಡ್ಡದು ಮಾಡಿದ್ರೆ ಎಂಸಿಬಿ ಬೀಳೋ ಮುಂಚೆ ವೈರ್ ಸುಡುತ್ತೆ.

ಬೋರ್‌ವೆಲ್, ಸಂಪ್ ಮೋಟರ್ ಸ್ಟಾರ್ಟರ್ ಪೆಟ್ಟಿಗೆಗೆ ಟ್ರಾನ್ಸ್‌ಮಿಟರ್ ಹಾಕೋ ಪ್ರಯತ್ನ ಬೇಡವೇ ಬೇಡ. ತ್ರೀ ಫೇಸ್ ಮೋಟರ್‌ನಲ್ಲಿ ಒಂದು ಫೇಸ್‌ಗೂ ಇನ್ನೊಂದಕ್ಕೂ ಮಧ್ಯೆ 400 ವೋಲ್ಟ್ ಇದೆ.

ತ್ರೀ ಫೇಸ್ ಮನೆ ಆದ್ರೆ ಪಟ್ಟಿಯಲ್ಲಿ ಕೆಂಪು, ಹಳದಿ, ನೀಲಿ ಯಾವ ಫೇಸಿನ ಸಾಲು ಅಂತಲೂ ಬರೀರಿ. ಒಂದು ಫೇಸ್ ಹೋದಾಗ ತಿರುಗಿಸೋ ಸೆಲೆಕ್ಟರ್ ಸ್ವಿಚ್ ಇದ್ರೆ ಹುಡುಕೋ ದಿನ ಅದು ಮಾಮೂಲಿ ಜಾಗದಲ್ಲೇ ಇರ್ಲಿ, ಮಧ್ಯದಲ್ಲಿ ಯಾರೂ ತಿರುಗಿಸ್ಬಾರ್ದು.

ಹಂತ 7: ಗೋಡೆಯೊಳಗಿನ ವೈರ್

ಡ್ರಿಲ್ ಹೊಡಿಯೋರಿಗೆ ಬೇಕಾಗಿರೋದು ಇದು. ಮೊದಲು ಕಣ್ಣಿಂದ ನೋಡಿ. ನಮ್ಮ ಮನೆಗಳಲ್ಲಿ ಮೋಲ್ಡ್ ಹಾಕೋ ಮುಂಚೆ ಪೈಪ್ ಕೂರಿಸಿ, ಅಲ್ಲಿಂದ ಗೋಡೆ ಕೊರೆದು ಸ್ವಿಚ್‌ಬೋರ್ಡ್‌ಗೆ ನೇರ ಕೆಳಗೆ ಇಳಿಸ್ತಾರೆ. ಹಾಗಾಗಿ ಸ್ವಿಚ್‌ಬೋರ್ಡ್, ಫ್ಯಾನ್ ಹುಕ್, ಗೋಡೆ ಲೈಟ್ ಇವುಗಳ ನೇರ ಮೇಲೆ ಕೆಳಗೆ ಡ್ರಿಲ್ ಹಾಕ್ಬೇಡಿ, ಟೂಲ್ ಏನೇ ಹೇಳ್ಲಿ.

ವೈರ್ ಟ್ರೇಸರ್ ಬಳಸೋರಿಗೆ ಬರೋ ದೊಡ್ಡ ನಿರಾಸೆ ಅಂದ್ರೆ ಸಿಗ್ನಲ್ ಒಂದಡಿ ದೂರಕ್ಕೇ ಮಾಯ ಆಗೋದು. ಒಂದೇ ಪೈಪಲ್ಲಿ ಫೇಸ್ ನ್ಯೂಟ್ರಲ್ ಜೊತೆಜೊತೆಗೆ ಹೋಗುತ್ತೆ, ಒಂದರಲ್ಲಿ ಹೋದ ಕರೆಂಟ್ ಇನ್ನೊಂದರಲ್ಲಿ ವಾಪಸ್ ಬರೋದ್ರಿಂದ ಎರಡರ ಕಾಂತಕ್ಷೇತ್ರ ಒಂದನ್ನೊಂದು ಕಳೀತವೆ. ಇದಕ್ಕೆ ಉಪಾಯ, ಎಂಸಿಬಿ, ಯುಪಿಎಸ್ ಎರಡೂ ಆಫ್ ಮಾಡಿ, ಕರೆಂಟ್ ಇಲ್ಲ ಅಂತ ಟೆಸ್ಟರ್‌ನಲ್ಲಿ ನೋಡಿ, ಎಲೆಕ್ಟ್ರಿಷಿಯನ್ ಕೈಲಿ ಆ ವೈರನ್ನ ಎರಡೂ ತುದೀಲಿ ಬಿಡಿಸಿ, ಟ್ರೇಸರ್‌ನ ಒಂದು ಕ್ಲಿಪ್ ವೈರ್‌ಗೆ, ಇನ್ನೊಂದು ಅರ್ತ್‌ಗೆ ಹಾಕೋದು. ಕರೆಂಟ್ ಇರುವಾಗಲೇ ಫೇಸ್ ಮತ್ತು ಅರ್ತ್ ಮಧ್ಯೆ ಹಾಕಿದ್ರೆ ಅದು ಲೀಕ್ ಅಂತಲೇ ಲೆಕ್ಕ, ಆರ್‌ಸಿಸಿಬಿ ಬೀಳ್ಬಹುದು.

ಕಬ್ಬಿಣದ ಪೈಪಲ್ಲಿ ಎಳೆದ ಹಳೇ ವೈರಿಂಗ್‌ನಲ್ಲಿ ಸಿಗ್ನಲ್ ಹೊರಗೆ ಬರೋದೇ ಕಷ್ಟ, ಪಿಲ್ಲರ್ ಹತ್ರ ಕಂಬಿಯಿಂದಾಗಿ ಅಗಲಕ್ಕೆ ಹರಡುತ್ತೆ, ಮಳೆಗಾಲದಲ್ಲಿ ತೇವ ಹಿಡಿದ ಗೋಡೆ ಪೂರ್ತಿ ಬೀಪ್ ಅನ್ನುತ್ತೆ. ಬೀಪ್ ಇಲ್ಲ ಅಂದ ಮಾತ್ರಕ್ಕೆ ವೈರ್ ಇಲ್ಲ ಅಂತಲ್ಲ.

ಹಂತ 8: ಮೀಟರ್ ಹತ್ರ ಒಂದು ಪರೀಕ್ಷೆ

ಒಂದೇ ಕಟ್ಟಡದಲ್ಲಿ ನಾಲ್ಕೈದು ಪೋರ್ಷನ್ ಬಾಡಿಗೆಗೆ ಇರೋ ಕಡೆ ಇದನ್ನ ಖಂಡಿತ ಮಾಡಿ, ಗೃಹಜ್ಯೋತಿ ಬಂದ್ಮೇಲೆ 200 ಯೂನಿಟ್ ಲೆಕ್ಕ ಎಲ್ರಿಗೂ ಬೇಕು. ನಿಮ್ಮ ಪೋರ್ಷನ್ ಡಿಬಿಯ ಮೇನ್ ಇಳಿಸಿ ನಿಮ್ಮ ಮೀಟರ್ ಮೇಲಿನ ಕೆಂಪು ದೀಪ ಐದು ಹತ್ತು ನಿಮಿಷ ನೋಡಿ. ಮೀಟರ್ ಮೇಲೆ 3200 ಅಂತ ಬರೆದಿದ್ರೆ ಆ ದೀಪ 3200 ಸಲ ಮಿಣುಕಿದ್ರೆ ಒಂದು ಯೂನಿಟ್. ಮೇನ್ ಇಳಿದ್ಮೇಲೂ ಅದು ಮತ್ತೆ ಮತ್ತೆ ಮಿಣುಕ್ತಿದ್ರೆ ನಿಮ್ಮ ಮೀಟರ್‌ನಿಂದ ಬೇರೆ ಏನೋ ಓಡ್ತಿದೆ, ಮೆಟ್ಟಿಲ ಲೈಟೋ ಮೋಟರೋ. ವಿಡಿಯೋ ಮಾಡಿ ಇಟ್ಕೊಂಡು ಓನರ್ ಹತ್ರ ಮಾತಾಡಿ.

ಹಂತ 9: ಹೆಸರು ಅಂಟಿಸಿ

"ಬೆಡ್‌ರೂಮ್ 1" ಅಂತ ಬರೀಬೇಡಿ, ಯಾವುದು ಒಂದು ಅಂತ ಆರು ತಿಂಗಳಾದ್ಮೇಲೆ ಗೊತ್ತಾಗಲ್ಲ. "ರಸ್ತೆ ಕಡೆ ರೂಮ್ ಪ್ಲಗ್", "ಅಡುಗೆಮನೆ ಮಿಕ್ಸಿ, ಫ್ರಿಡ್ಜ್" ಅಂತ ಬರೀರಿ. ಯುಪಿಎಸ್‌ಗೆ ಹೋಗೋ ಎಂಸಿಬಿಗೆ ಕೆಂಪು ಸ್ಟಿಕ್ಕರ್ ಹಾಕಿ "ಇಳಿಸಿದ್ರೂ ಕರೆಂಟ್ ಇರುತ್ತೆ, ಯುಪಿಎಸ್ ಆಫ್ ಮಾಡಿ" ಅಂತ ಪೂರ್ತಿ ವಾಕ್ಯ ಬರೀರಿ, ಮುಂದೆ ಬರೋ ಎಲೆಕ್ಟ್ರಿಷಿಯನ್ ಅದನ್ನ ನೋಡೇ ಕೈ ಹಾಕ್ಬೇಕು. ಸ್ಟಿಕ್ಕರ್ ಬಾಗಿಲ ಒಳಗಡೆ ಇರ್ಲಿ, ಆಯುಧಪೂಜೆ ಕುಂಕುಮ ಹೊರಗಡೆ. ಪಟ್ಟಿಯ ಫೋಟೋನ ಮನೆಯವರೆಲ್ಲರ ಮೊಬೈಲ್‌ಗೆ ಕಳಿಸಿ.

ಎಲ್ಲಾ ಆದ್ಮೇಲೂ ಒಂದು ಎಂಸಿಬಿ ಯಾವುದಕ್ಕೂ ಸೇರದೆ ಉಳಿಯುತ್ತೆ. ಅದಕ್ಕೆ "ಸ್ಪೇರ್" ಅಂತ ಬರೀಬೇಡಿ. ಟ್ಯಾಂಕ್, ಸಂಪ್, ಗೇಟ್ ಎಲ್ಲಾ ನೋಡಿದ್ಮೇಲೂ ಗೊತ್ತಾಗ್ಲಿಲ್ಲ ಅಂದ್ರೆ ಮನೆಯವರಿಗೆ ಹೇಳಿ ಒಂದು ವಾರ ಇಳಿಸಿಡಿ, ಏನು ನಿಂತಿದೆ ಅಂತ ತಾನಾಗೇ ಹೊರಗೆ ಬರುತ್ತೆ. ನಮ್ಮನೇಲಿ ಅದು ಕಾಲಿಂಗ್ ಬೆಲ್ ಲೈನ್ ಆಗಿತ್ತು, ಮೂರನೇ ದಿನ ಬೆಳಗ್ಗೆ ಹಾಲಿನವರು ಬಾಗಿಲು ತಟ್ಟಿದಾಗ ಪಟ್ಟಿ ಪೂರ್ತಿ ಆಯ್ತು.